ನಾಲ್ಕು ಫ್ಲಾಪಿಗೆ ಹಿಡಿದ ಗ್ರಹಣ

ನಡೆದದ್ದು ಇಷ್ಟೇ. ನನ್ನ ಕಿವಿ ಕೇಳಿದ್ದು ತಪ್ಪು, ನನ್ನ ಕೈ ಮಾಡಿದ್ದು ತಪ್ಪು, ನನ್ನ ನಾಲಿಗೆ ಆಡಿದ್ದು ತಪ್ಪು. ಈ ಮೂರು ಬಿಟ್ಟರೆ ಮಿಕ್ಕ ತಪ್ಪೆಲ್ಲ ಅವರದ್ದು. ನಮ್ಮ ಬೀದಿಯಲ್ಲಿ ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ನಗುತ್ತಿದ್ದಾರೆ. ನಗಲಿ, ಹಲ್ಲಿರುವವರು ನಗುತ್ತಾರೆ. ಆದರೆ ಹೇಳುವುದಾದರೆ ಸರಿಯಾಗಿ ಹೇಳಬೇಕು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಇದನ್ನು ಕೂತು ಬರೆಯುತ್ತಿರುವುದು ಅದಕ್ಕೇ. ನನ್ನ ತಪ್ಪಿಗೆ ಬೇರೆಯವರು ಬಣ್ಣ ಬಳಿಯುವುದು ನನಗೆ ಹಿಡಿಸುವುದಿಲ್ಲ. ವಯಸ್ಸಾದವರಿಗೆ ಸಿಟ್ಟು ಜಾಸ್ತಿ ಅನ್ನುತ್ತಾರೆ. ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ, ಮೊದಲಿನಷ್ಟೇ ಇದೆ. ಮೊದಲು ಸಿಟ್ಟು ಬಂದಾಗ ಕೈ ತುಂಬ ಕೆಲಸವಿರುತ್ತಿತ್ತು, ಅದಕ್ಕೆ ಯಾರಿಗೂ ಕಾಣುತ್ತಿರಲಿಲ್ಲ. ಈಗ ಪುರುಸೊತ್ತಿದೆ, ಕಾಣುತ್ತದೆ.

ಸಿಟ್ಟಿಗೆ ಕಾರಣವೂ ಒಂದೇ. ಮನೆಯಲ್ಲಿ ಏನೇ ಹೊಸ ವಿಷಯ ಬಂದರೂ, 'ನಿಮಗೆ ಹೇಳಿದ್ರೆ ಅರ್ಥ ಆಗಲ್ಲ' ಅನ್ನುತ್ತಾರೆ. ಹೇಳಿ ನೋಡಿ, ಅರ್ಥವಾಗದೆ ಇದ್ದರೆ ಆಮೇಲೆ ಹೇಳಿ. ಹೇಳುವುದಕ್ಕೆ ಮೊದಲೇ ಅರ್ಥವಾಗುವುದಿಲ್ಲ ಎಂದು ಇವರಿಗೆ ಹೇಗೆ ಅರ್ಥವಾಯಿತು? ರೇಷ್ಮೆ ಹುಳ ಸಾಕಿದವಳು ನಾನು. ಹುಳ ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ ಎಂದು ಬಾಗಿಲಲ್ಲಿ ನಿಂತು ವಾಸನೆಯಲ್ಲೇ ಹೇಳುತ್ತಿದ್ದೆ. ಅದನ್ನು ಇವರಲ್ಲಿ ಒಬ್ಬರಿಗೂ ನಾನು ವಿವರಿಸಲಾರೆ. ಹಾಗಂತ 'ನಿಮಗೆ ಅರ್ಥ ಆಗಲ್ಲ' ಎಂದು ಯಾವತ್ತಾದರೂ ಅಂದಿದ್ದೇನೆಯೇ? ಅಂದಿದ್ದೇನೆ. ಅದು ಬೇರೆ ವಿಷಯ.

ವಿಷಯಕ್ಕೆ ಬರುತ್ತೇನೆ. ನನ್ನ ಸೊಸೆ ಸರೋಜಾ ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ನು ಇಟ್ಟುಕೊಂಡಿದ್ದಾಳೆ. ಬೆಂಗಳೂರಿನಲ್ಲಿ ಯಾವುದೋ ಗಾರ್ಮೆಂಟ್ಸು ಬಾಗಿಲು ಹಾಕಿದಾಗ, ಟೊಮ್ಯಾಟೊ ಇಳಿಸಿ ವಾಪಸ್ಸು ಬರುತ್ತಿದ್ದ ಲಾರಿಯಲ್ಲಿ ಖಾಲಿ ಕ್ರೇಟುಗಳ ನಡುವೆ ಕೂತು ಬಂದ ಮಿಷನ್ನು ಅದು. ಬಂದ ದಿನ ಅದರ ಸಂದಿಗಳಿಂದ ಟೊಮ್ಯಾಟೊ ಬೀಜವನ್ನು ಹೇರ್‌ಪಿನ್ನಿನಲ್ಲಿ ಕೆದಕಿ ತೆಗೆದವಳು ನಾನು. ಅದರ ಜೊತೆಗೆ ಅದರ ಕಾಲದ್ದೇ ಒಂದು ಕಂಪ್ಯೂಟರೂ ಬಂತು, ಬೆನ್ನು ದಪ್ಪನೆಯದು. ಸರೋಜಾ ಕಂಪ್ಯೂಟರಿನಲ್ಲಿ ಹೂವು ಬರೆಯುತ್ತಾಳೆ. ಅದನ್ನು ಫ್ಲಾಪಿ ಅನ್ನುವ ಅಂಗೈಯಗಲದ ಚೌಕ ಬಿಲ್ಲೆಗೆ ಇಳಿಸುತ್ತಾಳೆ. ಬಿಲ್ಲೆಯನ್ನು ಮಿಷನ್ನಿನ ಬಾಯಿಗೆ ಇಟ್ಟರೆ ಅದು ಟಕಟಕ ಎಂದು ರವಿಕೆಯ ತೋಳಿನ ಮೇಲೆ ಅದೇ ಹೂವನ್ನು ಹೊಲಿಯುತ್ತದೆ. ಆ ಮಿಷನ್ನು ತಿನ್ನುವುದು ಫ್ಲಾಪಿ ಒಂದನ್ನೇ. ಈಗಿನ ಪೆನ್‌ಡ್ರೈವ್ ತೋರಿಸಿದರೆ ಅದನ್ನು ಇಡಲು ಜಾಗವೇ ಇಲ್ಲ. ಹೂವು ಬರೆಯುವ ಸಾಫ್ಟ್‌ವೇರೂ ಹಾಗೇ. ಹಳೆಯ ಕಂಪ್ಯೂಟರಿನಲ್ಲಿ, ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ ಅಂದರೆ ಕಂಪ್ಯೂಟರಿನ ಮನೆ ಯಜಮಾನಿಕೆ. ಯಜಮಾನ ಬದಲಾದರೆ ಹಳೆಯ ಆಳು ಕೆಲಸಕ್ಕೆ ಬರುವುದಿಲ್ಲ. ಇದರಲ್ಲಿ ಅರ್ಥವಾಗದೆ ಇರುವುದು ಏನಿದೆ? ಆದರೆ ಇದನ್ನೆಲ್ಲ ನನಗೆ ಹೇಳಿದ್ದು, ಆಗಬಾರದ್ದೆಲ್ಲ ಆದ ಮೇಲೆ.

ಈ ಬೇಸಿಗೆಯ ಮೊದಲ ಮಳೆಗೆ ಒಂದು ಸಿಡಿಲು ಹೊಡೆಯಿತು. ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕು ಸುಟ್ಟಿತು, ಅದರ ಜೊತೆಗೆ ಯಜಮಾನಿಕೆಯೂ ಹೋಯಿತು. ಸರಿಯಾಗಿ ಅದೇ ವಾರ ಸರೋಜಾಗೆ ದೇವರಾಯಸಮುದ್ರದ ಕಡೆಯ ಒಂದು ಶಾಲೆಯಿಂದ ಕೆಲಸ ಬಂದಿತ್ತು. ಯೂನಿಫಾರಮ್ಮಿನ ಜೇಬಿಗೆ ಶಾಲೆಯ ಹೊಸ ಲಾಂಛನ, ದೀಪ ಮತ್ತು ಪುಸ್ತಕ. ಇನ್ನೂರು ಜೇಬು. ಶಾಲೆ ತೆಗೆಯುವ ಸೋಮವಾರ ಬೆಳಿಗ್ಗೆ ಕೈಗೆ ಸಿಗಬೇಕು, ಇಲ್ಲದಿದ್ದರೆ ಮಾಲೂರಿನಲ್ಲಿ ಹೊಸ ಮಿಷನ್ನು ಇಟ್ಟವನೊಬ್ಬನಿದ್ದಾನೆ, ಅವನಿಗೆ ಕೊಡುತ್ತೇವೆ ಎಂದರು. ನನ್ನ ಮಗ ಮಂಜುನಾಥ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಆ ಕೋಣೆಯ ಮೇಲೆ ಮೊದಲಿನಿಂದಲೂ ಕಣ್ಣು. "ಸೋಮವಾರದೊಳಗೆ ಓಡಿದ್ರೆ ಇರ್ಲಿ, ಓಡ್ಲಿಲ್ಲ ಅಂದ್ರೆ ಗುಜರಿಯೋನಿಗೆ ಹೇಳ್ತೀನಿ. ಆ ಜಾಗದಲ್ಲಿ ಕ್ರೇಟಾದ್ರೂ ಇಡಬಹುದು" ಅಂದ. ಸರೋಜಾ ಎದ್ದುಹೋಗಿ ಮಿಷನ್ನಿನ ಧೂಳು ಒರೆಸಿದಳು. ನನಗೆ ಆ ಮಿಷನ್ನಿನ ಮೇಲೆ ಪ್ರೀತಿಯೇನೂ ಇಲ್ಲ, ಅದರ ಸದ್ದಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಆದರೆ ಅದು ಬಂದ ಮೇಲೆಯೇ ಆ ಹುಡುಗಿ ಈ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಿದ್ದು. ಅದಕ್ಕೆ ಮೊದಲು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು, ಮದುವೆಯಾಗಿ ಎಷ್ಟೋ ವರ್ಷವಾದ ಮೇಲೂ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಚಾಳಿ ನಮ್ಮ ಮನೆಯಲ್ಲಿ ಇಲ್ಲ.

ರಿಪೇರಿಗೆಂದು ಆ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸರೋಜಾ ಜೊತೆ ಕೋಲಾರಕ್ಕೆ ಹೋದವಳೂ ನಾನೇ. ಅಲ್ಲೊಬ್ಬ ಅಂಗಡಿಯವನು ಅದನ್ನು ಬಿಚ್ಚಲೂ ಇಲ್ಲ. "ಇದ್ರ ಕಾಲ ಮುಗೀತಜ್ಜಿ, ಇನ್ನು ಯಾಕೆ ಹೊತ್ಕೊಂಡು ತಿರುಗ್ತೀರಿ" ಅಂದ. ಹೇಳುವಾಗ ಕಂಪ್ಯೂಟರಿನ ಕಡೆ ನೋಡಿದ್ದಿದ್ದರೆ ಸುಮ್ಮನಿರುತ್ತಿದ್ದೆ. ನನ್ನ ಕಡೆ ನೋಡಿಕೊಂಡು ಹೇಳಿದ. ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಸರೋಜಾ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಕೊನೆಗೆ ದಾರಿ ತೋರಿಸಿದವಳು ನಮ್ಮ ಊರಿನ ಮುಮ್ತಾಜ್. ಅವಳ ತಾಯಿ ಖೈರುನ್ನೀಸಾ ಬಳೆ ಮಲಾರ ಹೊತ್ತು ನನ್ನ ತವರು ಬೈರಕೂರಿಗೆ ಬರುತ್ತಿದ್ದಳು. ನನ್ನ ಮದುವೆಯ ಬಳೆ ತೊಡಿಸಿದ್ದೂ ಅವಳೇ, ನನ್ನ ಕೈ ಮರದ ಕೊರಡಿನ ಹಾಗಿದೆ ಎಂದು ಬೈದವಳೂ ಅವಳೇ. ಮಗಳೂ ಅದೇ ಬಾಯಿಯವಳು. ಫ್ಲಾಪಿಯ ಕಾಲದಲ್ಲಿ ಮುಮ್ತಾಜ್ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು, ಈಗ ಅಲ್ಲೇ ಅರ್ಜಿ ತುಂಬಿಕೊಡುತ್ತಾಳೆ. ಫ್ಲಾಪಿ ಹಿಡಿಸುವ ಕಂಪ್ಯೂಟರನ್ನು ಇನ್ನೂ ಇಟ್ಟುಕೊಂಡಿರುವವಳು ಊರಿಗೆಲ್ಲ ಅವಳೊಬ್ಬಳೇ. ಅವಳು ಒಂದು ಹಳೆಯ ಹಾರ್ಡ್ ಡಿಸ್ಕು ಹುಡುಕಿ ಹಾಕಿದಳು. ಆಪರೇಟಿಂಗ್ ಸಿಸ್ಟಮ್ಮಿನ ಸಿ.ಡಿ. ಕೂಡ ಅವಳ ಹತ್ತಿರ ಇತ್ತು. ಆದರೆ ಏನೂ ಇಲ್ಲದ ಕಂಪ್ಯೂಟರಿಗೆ ಸಿ.ಡಿ. ಓದಬೇಕು ಅನ್ನುವ ಬುದ್ಧಿಯೂ ಇರುವುದಿಲ್ಲವಂತೆ. ಹುಟ್ಟಿದ ಮಗುವಿನ ಬೆನ್ನಿಗೆ ಒಂದು ಏಟು ಹಾಕಿ ಅಳಿಸುತ್ತಾರಲ್ಲ, ಹಾಗೆ ಮೊದಲು ಅದನ್ನು ಎಬ್ಬಿಸಬೇಕು. ಎಬ್ಬಿಸುವುದಕ್ಕೆ ನಾಲ್ಕು ಫ್ಲಾಪಿ ಬೇಕು, ಒಂದಾದ ಮೇಲೆ ಒಂದು ಹಾಕಬೇಕು, ಒಂದು ತಪ್ಪಿದರೂ ಏಳುವುದಿಲ್ಲ. ಅವಕ್ಕೆ ಬೂಟ್ ಫ್ಲಾಪಿ ಎಂದು ಹೆಸರು. ಮುಮ್ತಾಜಳ ಕಪಾಟಿನಲ್ಲಿ ಹತ್ತು ಫ್ಲಾಪಿ ಇದ್ದವು, ಆರಕ್ಕೆ ಬೂಷ್ಟು ಹಿಡಿದಿತ್ತು. ಚೆನ್ನಾಗಿ ಉಳಿದದ್ದು ಸರಿಯಾಗಿ ನಾಲ್ಕು. ಸರೋಜಾಳ ಹತ್ತಿರ ಇದ್ದದ್ದು ಹೂವು ಇಳಿಸಲು ಒಂದೇ ಒಂದು. ಎರಡು ದಿನ ಕೂತು, ಬರೆದು, ಅಳಿಸಿ, ಮತ್ತೆ ಬರೆದು, ಆ ನಾಲ್ಕನ್ನು ತಯಾರು ಮಾಡಿದಳು. ಕೋಲಾರ, ಶ್ರೀನಿವಾಸಪುರ ಎಲ್ಲ ಕಡೆ ಫೋನು ಮಾಡಿ ಕೇಳಿದ್ದಳು, ಐದನೆಯದು ಎಲ್ಲೂ ಸಿಕ್ಕಿರಲಿಲ್ಲ.

ಈಗ ನನ್ನ ಕಿವಿಯ ವಿಷಯ. ಮಗ ನನಗೆ ಒಂದು ಕಿವಿ ಮಿಷನ್ನು ಕೊಡಿಸಿದ್ದಾನೆ. ಅದನ್ನು ಹಾಕಿಕೊಂಡರೆ ಒಗ್ಗರಣೆ ಸಿಡಿಯುವುದು ಪಟಾಕಿಯ ಹಾಗೆ ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಮೊದಲಿನ ಹಾಗೇ ಇರುತ್ತದೆ. ಸುಮ್ಮನಿದ್ದಾಗ ಅದೇ ಶಿಳ್ಳೆ ಹೊಡೆಯುತ್ತದೆ. ಈ ವಯಸ್ಸಿನಲ್ಲಿ ಕಿವಿಯಲ್ಲಿ ಶಿಳ್ಳೆ ಹಾಕಿಸಿಕೊಂಡು ಬೀದಿಯಲ್ಲಿ ಓಡಾಡುವುದು ನನಗೆ ಬೇಕಿರಲಿಲ್ಲ, ಮೆಂತ್ಯದ ಡಬ್ಬಿಯೊಳಗೆ ಇಟ್ಟುಬಿಟ್ಟಿದ್ದೆ. ಕಿವಿ ಅಷ್ಟೇನೂ ಹೋಗಿರಲಿಲ್ಲ. ಒಂದು ಮಾತಿನಲ್ಲಿ ಮುಕ್ಕಾಲು ಕೇಳಿಸುತ್ತಿತ್ತು, ಉಳಿದ ಕಾಲು ಭಾಗವನ್ನು ನಾನೇ ಹಾಕಿಕೊಳ್ಳುತ್ತಿದ್ದೆ. ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಹಾಕಿಕೊಳ್ಳಲು ಬರುವುದಿಲ್ಲವೇ?

ಗುರುವಾರ ಸಾಯಂಕಾಲ ನಾನು ನಡುಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಉಪ್ಪಿನಕಾಯಿಗೆ ಶ್ರೀನಿವಾಸಪುರದ ಮಾವಿನಕಾಯಿ ಹೆಚ್ಚುತ್ತಿದ್ದೆ. ಸರೋಜಾ ಆಗಷ್ಟೇ ಹೊರಗಿನಿಂದ ಬಂದು, ಏನನ್ನೋ ಬೀರುವಿನ ಮೇಲಿಟ್ಟು, ಮುಂದಿನ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದಳು. ನನಗೆ ಕೇಳಿಸಿದ್ದು ಇದು: "ಬೂತು ಫ್ಲಾಪಿ ನಾಲ್ಕೂ ತಂದಿಟ್ಟೆ ಮುಮ್ತಾಜಕ್ಕ. ಇಲ್ಲ ಇಲ್ಲ, ಮಕ್ಕಳ ಕೈಗೆ ಸಿಗಲ್ಲ. ನಾಳೆ ಮಧ್ಯಾಹ್ನ ಅವ್ರು ಯಾರೂ ಇರಲ್ಲ, ಆಗ್ಲೇ ಹಾಕೋಣ. ಅತ್ತೆಗಾ? ಅತ್ತೆಗೆ ಹೇಳಿದ್ರೆ ಅರ್ಥ ಆಗಲ್ಲ, ಹೇಳೋದೇ ಬೇಡ."

ನಮ್ಮ ಸೀಮೆಯ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಂಧ್ರದ ಗಡಿ ಇಲ್ಲೇ ಇರುವುದರಿಂದ ನಮ್ಮಲ್ಲಿ ಹೊಲದಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಜಗಳಕ್ಕೆ ಎರಡೂ. ತೆಲುಗಿನಲ್ಲಿ ಬೂತು ಅಂದರೆ ಹೊಲಸು. ಹೇಳಬಾರದ ಮಾತು, ನೋಡಬಾರದ ಚಿತ್ರ. ಬೇರೆ ಊರಿನವಳಾಗಿದ್ದರೆ ನಾನು ಬೂಟು ಎಂದೇ ಕೇಳಿಸಿಕೊಂಡು, ಯಾರದೋ ಕಾಲಿಗೆ ಅಂದುಕೊಂಡು, ಮಾವಿನಕಾಯಿ ಹೆಚ್ಚುತ್ತಿದ್ದೆ. ನನ್ನ ಗ್ರಹಚಾರ, ಬೈರಕೂರಿನಲ್ಲಿ ಹುಟ್ಟಿದೆ. ಬೂತು ಫ್ಲಾಪಿ. ನಾಲ್ಕು. ಮಕ್ಕಳ ಕೈಗೆ ಸಿಗಬಾರದು. ಯಾರೂ ಇಲ್ಲದಾಗ ಹಾಕಬೇಕು. ಅತ್ತೆಗೆ ಹೇಳಬಾರದು. ನೀವೇ ಹೇಳಿ, ಇದರಲ್ಲಿ ನಾನು ಹಾಕಿಕೊಳ್ಳುವುದಕ್ಕೆ ಏನಾದರೂ ಉಳಿದಿತ್ತೇ?

ಆದರೂ ತಕ್ಷಣ ಎದ್ದು ಕೂಗಾಡಲಿಲ್ಲ. ನ್ಯಾಯವಾಗಿ ಯೋಚಿಸಿದೆ. ಇವಳು ಮುಖ ತೊಳೆದರೂ ಬಾಗಿಲು ಹಾಕಿಕೊಳ್ಳುವ ಹುಡುಗಿ, ಮುಮ್ತಾಜ್ ಐದು ಹೊತ್ತು ನಮಾಜು ಮಾಡುವವಳು. ಇಬ್ಬರಿಗೂ ಈ ಬುದ್ಧಿ ಎಲ್ಲಿಂದ ಬಂತು? ಮಿಷನ್ನು ನಿಂತು ಕೈಯಲ್ಲಿ ಕೆಲಸವಿಲ್ಲ, ಅದಕ್ಕೇ ಅಂದುಕೊಂಡೆ. ಮಗ ನೋಡಿದರೆ ಕ್ರೇಟು ಎನ್ನುತ್ತಾನೆ, ಇವಳು ನೋಡಿದರೆ ಇದು. ಮನೆಯ ಮಾನ ನನ್ನ ಕೈಯಲ್ಲೇ ಉಳಿದಿದೆ ಅನ್ನಿಸಿತು. ಹೀಗೆ ಅನ್ನಿಸಿದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಒಡೆದಿದೆ, ಅದೂ ನನಗೆ ಗೊತ್ತಿದೆ.

ಶುಕ್ರವಾರ ಬೆಳಿಗ್ಗೆ ಮಗ ಮೊಮ್ಮಕ್ಕಳನ್ನು ಕರೆದುಕೊಂಡು ಕೋಲಾರಕ್ಕೆ ಹೋದ ಮೇಲೆ ಸರೋಜಾ ಜೇಬಿನ ಬಟ್ಟೆ ತರಲು ಶಾಲೆಗೆ ಹೋದಳು. ಹೋಗುವಾಗ "ಅತ್ತೆ, ಬೀರು ಮೇಲೆ ಒಂದು ಕೈಚೀಲ ಇದೆ, ಮುಟ್ಬೇಡಿ" ಎಂದು ಹೇಳಿ ಹೋದಳು. ಏನೂ ಹೇಳದೆ ಹೋಗಿದ್ದರೆ ನನಗೆ ಬೀರುವಿನ ಮೇಲೆ ಹತ್ತುವ ಧೈರ್ಯ ಬರುತ್ತಿರಲಿಲ್ಲವೇನೋ. ಸ್ಟೂಲು ಹಾಕಿಕೊಂಡು ಇಳಿಸಿದೆ. ನಾಲ್ಕು ಕರೀ ಬಿಲ್ಲೆ, ಒಂದೊಂದರ ಮೇಲೂ ಇಂಗ್ಲಿಷಿನಲ್ಲಿ ಏನೋ ಬರೆದು, ಒಂದು, ಎರಡು, ಮೂರು, ನಾಲ್ಕು ಎಂದು ನಂಬರು ಹಾಕಿತ್ತು. ನನಗೆ ಇಂಗ್ಲಿಷು ಬರುವುದಿಲ್ಲ, ನಂಬರು ಬರುತ್ತದೆ. ಸರಿ, ನಾಲ್ಕು ಭಾಗದ್ದು, ಟೆಂಟ್ ಸಿನಿಮಾದಲ್ಲಿ ರೀಲು ಬದಲಾಯಿಸುತ್ತಿದ್ದ ಹಾಗೆ ಒಂದಾದ ಮೇಲೆ ಒಂದು ಹಾಕುತ್ತಾರೆ ಅಂದುಕೊಂಡೆ.

ಅವನ್ನು ನೇರವಾಗಿ ನೀರೊಲೆಗೆ ಹಾಕಬಹುದಿತ್ತು. ಹಾಕಲಿಲ್ಲ. ನಾಳೆ ಸೊಸೆ 'ಅದರಲ್ಲಿ ಅಂಥಾದ್ದೇನೂ ಇರಲಿಲ್ಲ' ಅಂದರೆ ನನ್ನ ಹತ್ತಿರ ಸಾಕ್ಷಿ ಏನಿದೆ? ನೋಡದೆ ತೀರ್ಪು ಹೇಳುವುದು ಧರ್ಮವಲ್ಲ. ಇದನ್ನು ಓದಿ ಯಾರಾದರೂ, ಮುದುಕಿಗೆ ನೋಡುವ ಆಸೆ ಅನ್ನಬಹುದು. ಅನ್ನಿ. ಈಳಿಗೆಮಣೆಯ ಮೇಲೆ ಒಂದನೇ ನಂಬರನ್ನು ಇಟ್ಟು, ಮಾವಿನ ವಾಟೆ ಸೀಳುವ ಹಾಗೆ ಅಂಚಿನಲ್ಲಿ ಒತ್ತಿದೆ. ಪಟ್ ಎಂದು ಬಿಚ್ಚಿಕೊಂಡಿತು. ಒಳಗೆ ತೆಳ್ಳಗಿನ ಕಂದುಬಣ್ಣದ ಒಂದು ದುಂಡು ಹಾಳೆ, ಹಳೆಯ ಸಿನಿಮಾ ರೀಲಿನ ಥರದ್ದೇ. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಹೊರಗಿನ ಜಗಲಿಗೆ ಬಂದು ಸೂರ್ಯನಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಎರಡನೆಯದನ್ನು ಬಿಚ್ಚಿದೆ. ಏನೂ ಕಾಣಲಿಲ್ಲ. ಮೂರನೆಯದರಲ್ಲಿ ಏನೋ ಅಲ್ಲಾಡಿದ ಹಾಗಾಯಿತು, ನೋಡಿದರೆ ನನ್ನ ಕಣ್ಣಿನ ನೀರು. ನಾಲ್ಕನೆಯದನ್ನು ಬಿಚ್ಚುವಾಗ, ನಿಜ ಹೇಳುತ್ತೇನೆ, ನನ್ನ ಸಿಟ್ಟು ಬೂತಿನ ಮೇಲೆ ಇರಲಿಲ್ಲ. ಮೂರು ಬಿಚ್ಚಿದರೂ ಏನೂ ತೋರಿಸಲಿಲ್ಲವಲ್ಲ ಎಂದು ಇತ್ತು.

ನಾನು ಹೀಗೆ ಮುಖ ಮೇಲೆತ್ತಿಕೊಂಡು ನಿಂತಿದ್ದಾಗ ಪಕ್ಕದ ಮನೆ ಗೌರಮ್ಮ ನೀರು ಹಿಡಿಯಲು ಬಿಂದಿಗೆ ಹಿಡಿದು ಬಂದಳು. "ಏನಮ್ಮಾ, ಇವತ್ತು ಗ್ರಹಣವಾ?" ಎಂದು ಕೇಳಿದಳು. "ಹೂಂ ಕಣೇ, ಗ್ರಹಣಾನೇ. ಹಿಡ್ದಾಯ್ತು" ಅಂದೆ. ನಮ್ಮ ಮನೆಗೆ ಹಿಡಿದಿದೆ ಎಂದು ನನ್ನ ಅರ್ಥ. ಆ ಮಾತನ್ನು ಪೂರ್ತಿ ಹೇಳಲಿಲ್ಲ, ಮನೆಯ ವಿಷಯ ಬೀದಿಯವಳಿಗೆ ಯಾಕೆ ಎಂದು ನುಂಗಿಕೊಂಡೆ. ಉಳಿದದ್ದನ್ನು ಅವಳೇ ಹಾಕಿಕೊಂಡಳು. ಅಲ್ಲೇ ಬಿಂದಿಗೆ ಬಿಟ್ಟು ಒಳಗೆ ಓಡಿದಳು. ಮಾಡಿದ ಸಾರಿಗೆ ದರ್ಭೆ ಹಾಕಿದಳಂತೆ, ಉಪ್ಪಿನಕಾಯಿ ಭರಣಿಗೆ ಹಾಕಿದಳಂತೆ, ದರ್ಭೆ ಸಾಲದೆ ಹಿಂದಿನ ಮನೆಗೆ ಕೇಳಲು ಹೋದಳಂತೆ. ಅಷ್ಟೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಬೀದಿಯ ಒಲೆಗಳೆಲ್ಲ ಆರಿದವು. ಬಸುರಿ ಹೆಂಗಸೊಬ್ಬಳನ್ನು ಒಳಗೆ ಕೂರಿಸಿ ಕಿಟಕಿ ಮುಚ್ಚಿದರು. ಯಾರೋ ಅವರಪ್ಪನ ಮುರಿದ ಕಾಲಿನ ಎಕ್ಸ್‌ರೇ ಹಿಡಿದುಕೊಂಡು ಆಕಾಶ ನೋಡುತ್ತಿದ್ದರು. ಕೇಳಿಸಿದ ಒಂದು ಮಾತಿಗೆ ಇಷ್ಟು ಅನರ್ಥ ಮಾಡಿಕೊಳ್ಳುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಗದ್ದಲದಲ್ಲಿ ಎದುರು ಮನೆಯ ನಾರಾಯಣಪ್ಪ ಗೇಟಿನ ಹೊರಗೆ ಬಂದ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ರಿಟೈರಾದವನು. ಅವನಿಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ. ನಮ್ಮ ನುಗ್ಗೆಮರದ ಒಂದು ಕೊಂಬೆ ರಸ್ತೆ ದಾಟಿ ಅವನ ಗೇಟಿನ ಮೇಲೆ ಹೋಗಿತ್ತು, ಕಂಬಳಿಹುಳ ಬೀಳುತ್ತದೆ ಎಂದು ನನ್ನನ್ನು ಕೇಳದೆ ಕಡಿಸಿದ. ಕಡಿಸಿದ್ದಕ್ಕಿಂತ, ಅದರ ಕಾಯಿಯನ್ನು ಸಾರು ಮಾಡಿಕೊಂಡು ತಿಂದದ್ದಕ್ಕೆ ನನಗೆ ಸಿಟ್ಟು ಹೆಚ್ಚು. ಆ ನಾರಾಯಣಪ್ಪನ ಕೈಯಲ್ಲಿ ನೋಡುತ್ತೇನೆ, ಒಂದು ಫ್ಲಾಪಿ! ಅದರ ತಗಡು ಸರಿಸಿ, ಒಂದು ಕಣ್ಣು ಮುಚ್ಚಿ, ಸೂರ್ಯನನ್ನು ನೋಡುತ್ತಿದ್ದಾನೆ. ಇವನ ಮನೆಯಲ್ಲೂ ಬೂತು ಇದೆಯೇ ಅಂದುಕೊಂಡೆ. ಅವನೋ ನಾಚಿಕೆಯಿಲ್ಲದೆ ಬೀದಿಗೆಲ್ಲ ಕೇಳುವ ಹಾಗೆ, ಆಫೀಸಿನ ಕಾಲದ್ದು ಒಂದು ಡಬ್ಬಿ ಸೀಲು ಒಡೆಯದೆ ಬೇರೆ ಇಟ್ಟಿದ್ದೇನೆ, ಒಂದೊಂದು ಗ್ರಹಣಕ್ಕೂ ಒಂದೊಂದು ಎಂದು ಹೇಳಿಕೊಳ್ಳುತ್ತಿದ್ದ. ಅದರಲ್ಲಿ ನೋಡಿದರೆ ಕಣ್ಣು ಹೋಗುತ್ತದೆಂದು ಯಾರೋ ಬುದ್ಧಿವಂತರು ಹೇಳಿದರು. ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಸೂರ್ಯ ಪೂರ್ತಿಯಾಗೇ ಇದ್ದಾನೆ, ಪಂಚಾಂಗದಲ್ಲೂ ಬರೆದಿಲ್ಲ, ಈ ಸುದ್ದಿ ಹಬ್ಬಿಸಿದವರು ಯಾರು ಎಂದು ವಿಚಾರಣೆ ಶುರು ಮಾಡಿದ. ನಾನು ಒಳಗೆ ಬಂದೆ.

ಮಧ್ಯಾಹ್ನ ಸರೋಜಾ, ಮುಮ್ತಾಜ್ ಜೊತೆಯಲ್ಲೇ ಬಂದರು. ನಾನು ನಾಲ್ಕು ಸಿಪ್ಪೆ, ನಾಲ್ಕು ಹಾಳೆಯನ್ನು ಒಂದು ಮೊರದಲ್ಲಿ ಹರಡಿಕೊಂಡು ನಡುಮನೆಯಲ್ಲಿ ಕೂತಿದ್ದೆ, ಪಂಚಾಯಿತಿಗೆ ಕೂತ ಹಾಗೆ. ಸರೋಜಾ ಮೊರ ನೋಡಿ ಬಾಗಿಲಲ್ಲೇ ನಿಂತಳು. ನಾನು ಬಿಡಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಇಂಥದ್ದು ನಡೆದಿರಲಿಲ್ಲ, ಮಾನವಂತರ ಮನೆಗೆ ಬೂತು ತಂದಿದ್ದೀರಿ, ಮಕ್ಕಳಿರುವ ಮನೆ ಇದು, ಖೈರುನ್ನೀಸಾ ಇದ್ದಿದ್ದರೆ ನಿನ್ನ ಬೆನ್ನಿನ ಮೇಲೆ ಬಳೆ ಒಡೆಯುತ್ತಿದ್ದಳು ಎಂದು ಮುಮ್ತಾಜಳಿಗೂ ಸೇರಿಸಿ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಮುಮ್ತಾಜಳಿಗೆ ಹೊಳೆಯಿತು. "ಅರೆ ಅಮ್ಮಾ, ಬೂತಲ್ಲ. ಬೂಟು. ಟ, ಟಮಾಟೊ ಟ" ಎಂದಳು. ಆಮೇಲೆ ಕಂಬ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಕೆಮ್ಮು ಬಂದು ನೆಲದ ಮೇಲೆ ಕೂತಳು. "ಯಾ ಅಲ್ಲಾ, ಎರಡ್ ದಿನ ಕಣ್ಣು ನೋಯಿಸ್ಕೊಂಡು ಮಾಡಿದ್ದಮ್ಮಾ ಅದು. ಹೋಗ್ಲಿ, ಏನಾದ್ರೂ ಕಾಣಿಸ್ತಾ?"

ಅವಳು ನಕ್ಕಿದ್ದಕ್ಕೆ ನನಗೆ ಬೈಯಲು ಬಾಯಿ ಇತ್ತು. ಆದರೆ ಸರೋಜಾ ನಗಲಿಲ್ಲ. ಅಳಲೂ ಇಲ್ಲ. ಮುಂದಿನ ಕೋಣೆಗೆ ಹೋಗಿ ತನ್ನ ಹಳೆಯ ಸೀರೆಯೊಂದನ್ನು ತಂದು ಮಿಷನ್ನಿನ ಮೇಲೆ ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿ ಮಾಡಿದಳು. ಆಮೇಲೆ ಮಂಜುನಾಥನಿಗೆ ಫೋನು ಮಾಡಿದಳು. "ಗುಜರಿಯೋನಿಗೆ ಹೇಳ್ಬಿಡಿ" ಅಂದಳು, ಅಷ್ಟೇ. ಇದು ಮಾತ್ರ ನನಗೆ ಪೂರ್ತಿ ಕೇಳಿಸಿತು.

ನಾನು ಅವಳ ಮೇಲೆ ಇನ್ನಷ್ಟು ರೇಗಿದೆ. ಮೊದಲೇ ಹೇಳಿದ್ದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಕೂಗಿದೆ. ಅವಳು ತಿರುಗಿ ನಿಂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಯಾಕಂದರೆ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವಳು ನನಗೆ ತಿರುಗಿ ಹೇಳಿದ್ದು ಅದೊಂದೇ: "ಹೇಳಿದ್ರೆ ಕೇಳಿಸ್ಕೋಬೇಕಲ್ಲ ಅತ್ತೆ. ಒಂದು ಮಾತನ್ನ ಮೂರು ಸಲ ಕೂಗಿ ಹೇಳೋಷ್ಟರಲ್ಲಿ ನಂಗೇ ಸಾಕಾಗತ್ತೆ. ಆ ಮಿಷನ್ನು ಮೆಂತ್ಯದ ಡಬ್ಬಿಗ್ ಹಾಕಿದೀರ, ಈ ಮಿಷನ್ನು ಗುಜರಿಗೆ ಹೋಗ್ಲಿ ಬಿಡಿ." ಡಬ್ಬಿಯ ವಿಷಯ ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಮುಮ್ತಾಜ್ ಹೋಗುವಾಗ ನನ್ನ ಪಕ್ಕ ಕೂತು, ಮೊರದಲ್ಲಿದ್ದ ಹಾಳೆಗಳನ್ನು ಕೈಯಲ್ಲಿ ಹಿಡಿದು, ಯಜಮಾನಿಕೆ ಏನು, ಎಬ್ಬಿಸುವುದು ಏನು ಎಂದು ಎಲ್ಲ ಬಿಡಿಸಿ ಹೇಳಿದಳು. ಎಲ್ಲ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು. ಈ ಹಾಳೆಗಳನ್ನು ಬೇರೆ ಸಿಪ್ಪೆಯಲ್ಲಿ ಹಾಕಿ ನಡೆಸಲು ಆಗುವುದಿಲ್ಲವೇ ಎಂದು ಕೇಳಿದೆ. "ಮಾವಿನಕಾಯಿ ರಸ ಆಗಿದೆಯಲ್ಲಮ್ಮಾ ಇದಕ್ಕೆ. ಇದು ಉಪ್ಪಿನಕಾಯಿಗೇ ಸರಿ. ಬೇರೆ ಫ್ಲಾಪಿ ಸಿಕ್ಕಿದ್ರೆ ಇನ್ನೊಂದ್ ಸಲ ಮಾಡ್ತೀನಿ. ಸಿಗಬೇಕಲ್ಲ" ಅಂದು ಎದ್ದುಹೋದಳು.

ಸಾಯಂಕಾಲ ಉಳಿದ ಮಾವಿನಕಾಯಿಗೆ ಉಪ್ಪು ಬೆರೆಸುತ್ತಾ ಕೂತೆ. ಒಬ್ಬಳೇ ಬೈದುಕೊಳ್ಳುತ್ತಿದ್ದೆ. ಸಿಡಿಲನ್ನು, ಕೋಲಾರದ ಅಂಗಡಿಯವನನ್ನು, ಗೌರಮ್ಮನನ್ನು, ಮೂರು ಸಲ ಹೇಳಬೇಕಾದ ಮಾತನ್ನು ಒಂದೇ ಸಲಕ್ಕೆ ಬಿಟ್ಟುಬಿಡುವ ಈಗಿನವರನ್ನು. ಬೈಯುತ್ತಾ ಬೈಯುತ್ತಾ ಸರದಿಯಲ್ಲಿ ನಾರಾಯಣಪ್ಪ ಬಂದ. ಗೇಟಿನಲ್ಲಿ ನಿಂತು ವಿಚಾರಣೆ ಮಾಡುತ್ತಾನೆ, ಇವನ ಡಬ್ಬಿಗೆ ಬೆಂಕಿ ಬೀಳ, ಎಂದು ಅಂದುಕೊಂಡವಳು ಉಪ್ಪಿನ ಕೈಯಲ್ಲೇ ಎದ್ದು ನಿಂತೆ. ಡಬ್ಬಿ. ಸೀಲು ಒಡೆಯದ ಡಬ್ಬಿ. ಗ್ರಹಣಕ್ಕೊಂದರಂತೆ. ನನ್ನ ಸುಳ್ಳು ಗ್ರಹಣ ಹಿಡಿಯದೆ ಇದ್ದಿದ್ದರೆ ಅವನು ಅದನ್ನು ಬೀದಿಯಲ್ಲಿ ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ.

ಜೇಬು ಶಾಲೆಗೆ ಹೋದವೋ ಇಲ್ಲವೋ ಎಂದು ನಿಮ್ಮನ್ನು ಕೊನೆಯವರೆಗೆ ಕಾಯಿಸುವುದಿಲ್ಲ, ಅಂಥ ಆಟ ನನಗೆ ಆಗದು. ಹೋದವು. ಸೋಮವಾರ ಬೆಳಿಗ್ಗೆ ಇನ್ನೂರೂ ಹೋದವು. ಭಾನುವಾರವೆಲ್ಲ ಟಕಟಕ ಸದ್ದಿಗೆ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಗುಜರಿಯವನು ಬಂದ, ಬಾಗಿಲಲ್ಲಿ ನನ್ನನ್ನು ನೋಡಿ ಹೋದ. ಆದರೆ ಅದು ಆಮೇಲಿನ ಮಾತು. ಶನಿವಾರ ಬೆಳಿಗ್ಗೆ ನಾನು ಮಾಡಿದ್ದನ್ನು ಮಾತ್ರ ಹೇಳಿ ಮುಗಿಸುತ್ತೇನೆ, ಬೀದಿಯವರು ತಪ್ಪಾಗಿ ಹೇಳುತ್ತಿರುವುದು ಅದನ್ನೇ.

ಕಾಫಿ ಕುಡಿದ ತಕ್ಷಣ ಮೆಂತ್ಯದ ಡಬ್ಬಿಯಿಂದ ಕಿವಿ ಮಿಷನ್ನು ತೆಗೆದೆ. ಊದಿದೆ, ನಾಲ್ಕು ಮೆಂತ್ಯದ ಕಾಳು ಬಿದ್ದವು. ಕಿವಿಗೆ ಹಾಕಿಕೊಂಡೆ, ಶಿಳ್ಳೆ ಹೊಡೆಯಿತು, ಹೊಡೆಯಲಿ ಎಂದು ಬಿಟ್ಟೆ. ಮರದಿಂದ ಒಂದು ಕಟ್ಟು ನುಗ್ಗೇಕಾಯಿ ಇಳಿಸಿ, ಸೆರಗಿನಲ್ಲಿ ಕಟ್ಟಿಕೊಂಡು, ನಾಲ್ಕು ವರ್ಷದ ಮೇಲೆ ರಸ್ತೆ ದಾಟಿದೆ. ಹತ್ತು ಹೆಜ್ಜೆಯ ರಸ್ತೆ. ಅಷ್ಟೂ ದೂರ ಬಾಯಲ್ಲಿ ಟ, ಟ, ಟಮಾಟೊ ಟ ಎಂದು ಹೇಳಿಕೊಂಡೇ ಹೋದೆ. ಗೇಟಿನಲ್ಲಿ ನಿಂತು, "ನಾರಾಯಣಪ್ಪ, ಬೂಟ್ ಫ್ಲಾಪಿ ಮಾಡಬೇಕು, ನಿನ್ನ ಡಬ್ಬಿ ಕೊಡಪ್ಪ" ಎಂದು ಕೇಳಿದೆ. ಸರಿಯಾಗಿ ಕೇಳಿದೆ, ಟ ಎಂದೇ ಕೇಳಿದೆ, ನನ್ನ ಕಿವಿಗೇ ಗುಡುಗಿದ ಹಾಗೆ ಕೇಳಿಸಿತು. ಇಷ್ಟು ವರ್ಷ ನಾನು ಇಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದೆ ಎಂದು ಅವತ್ತೇ ಗೊತ್ತಾದದ್ದು. ಆದರೆ ಬಾಗಿಲು ತೆಗೆದವಳು ಅವನ ಹೆಂಡತಿ ಜಯಮ್ಮ, ನನಗಿಂತ ಎರಡು ವರ್ಷ ದೊಡ್ಡವಳು, ತವರು ಗಡಿಯ ಆಚೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಳಗೆ ತಿರುಗಿ, ಬೀದಿ ಪೂರ್ತಿ ಕೇಳುವ ಹಾಗೆ ಗಂಡನಿಗೆ ಕೂಗಿದಳು: "ಏಮಂಡೀ, ಎದುರು ಮನೆಯಾಕೆ ಬಂದವ್ಳೆ. ಈ ವಯಸ್ಸಲ್ಲಿ ಬೂತು ಫ್ಲಾಪಿ ಬೇಕಂತೆ ನಿಮ್ಮತ್ರ."

ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಗೌರಮ್ಮ ಪೂರ್ತಿ ಕೇಳಿಸಿಕೊಳ್ಳಲು ಬಿಂದಿಗೆ ಕೆಳಗಿಟ್ಟಳು. ಇಷ್ಟು ವಯಸ್ಸಾದರೂ ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳದ ಹೆಂಗಸರನ್ನು ಕಂಡರೆ ನನಗೆ ಆಗುವುದೇ ಇಲ್ಲ. ನುಗ್ಗೇಕಾಯಿಯನ್ನು ಅವರ ಮೆಟ್ಟಿಲ ಮೇಲಿಟ್ಟೆ. ನನ್ನ ಕಿವಿಯಿಂದ ಮಿಷನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಜಯಮ್ಮನ ಕಿವಿಗೆ ನಾನೇ ಸಿಕ್ಕಿಸಿ, ಮೊದಲಿನಿಂದ ಶುರು ಮಾಡಿದೆ.